ರಾತ್ರಿ ಎರಡೂವರೆಗೆ ಹೊರಟವರು ಆಗುಂಬೆ ಘಾಟಿ ಇಳಿಯುವ ಹೊತ್ತಿಗೆ

ಪ್ರಶ್ನೆ: ಡಾಕ್ಟ್ರೇ, ನನಗೆ 44 ವರ್ಷ. ಊರು ಸಾಗರದ ಕಡೆ, ಕೆಲಸ ಬೆಂಗಳೂರಿನಲ್ಲಿ. ದಸರಾ ರಜೆಗೆ ಅಮ್ಮ, ಹೆಂಡತಿ, ಇಬ್ಬರು ಮಕ್ಕಳನ್ನು ಕರೆದುಕೊಂಡು ಕಾರಿನಲ್ಲಿ ಉಡುಪಿಯ ಅಕ್ಕನ ಮನೆಗೆ ಹೊರಟಿದ್ದೇನೆ. ಶುಕ್ರವಾರ ಆಫೀಸು ಮುಗಿಸಿ ರಾತ್ರಿ 11ಕ್ಕೆ ಮಲಗಿ, 2ಕ್ಕೆ ಎದ್ದು, ಎರಡೂವರೆಗೆ ಹೊರಡುವುದು. ಬೆಳಗ್ಗೆ ಸಕ್ರೆಬೈಲಿನಲ್ಲಿ ಮಕ್ಕಳಿಗೆ ಆನೆ ತೋರಿಸುವುದು, ಮಧ್ಯಾಹ್ನ ಶೃಂಗೇರಿಯಲ್ಲಿ ಊಟ, ಸಂಜೆ ಆಗುಂಬೆಯಲ್ಲಿ ಸೂರ್ಯಾಸ್ತ ನೋಡಿ ಘಾಟಿ ಇಳಿದು, ರಾತ್ರಿ ಊಟಕ್ಕೆ ಉಡುಪಿ. ಇದು ಪ್ಲ್ಯಾನ್. ಆದರೆ ಹೋದ ವರ್ಷ ಊರಿಗೆ ಬರುವಾಗ ಬೆಳಗಿನ ಜಾವ ಬಾಣಾವರದ ಹತ್ತಿರ ಒಂದು ಕ್ಷಣ ಕಣ್ಣು ಮುಚ್ಚಿಹೋಗಿತ್ತು. ಎಡಗಡೆ ಚಕ್ರ ಮಣ್ಣಿಗೆ ಇಳಿದಾಗ ಎಚ್ಚರವಾಯಿತು. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಭಾವ ಹೇಳುತ್ತಾರೆ, 'ರಾತ್ರಿ ರೋಡು ಖಾಲಿ ಇರುತ್ತೆ ಮಾರಾಯ, ಎರಡು ಲೋಟ ಸ್ಟ್ರಾಂಗ್ ಕಾಫಿ ಕುಡಿ, ಕಿಟಕಿ ಇಳಿಸು, ಹಾಡು ಹಾಕು, ಆರಾಮಾಗಿ ಬರ್ತೀಯ' ಅಂತ. ಇಷ್ಟು ಸಾಕಾ? ಅಮ್ಮನಿಗೆ 72, ಶುಗರ್ ಮತ್ತು ಬಿ.ಪಿ. ಮಾತ್ರೆ ಇದೆ. ಆರು ವರ್ಷದ ಮಗಳು ಘಾಟಿಯಲ್ಲಿ ವಾಂತಿ ಮಾಡುತ್ತಾಳೆ. ನಾನು ಧೂಳಿನ ಅಲರ್ಜಿಗೆ ರಾತ್ರಿ ಸೆಟ್ರಿಜಿನ್ ತೆಗೆದುಕೊಳ್ಳುತ್ತೇನೆ. ಗೊರಕೆ ಜಾಸ್ತಿ ಅಂತ ಹೆಂಡತಿಯ ದೂರು. ಅವಳಿಗೂ ಕಾರು ಓಡಿಸಲು ಬರುತ್ತದೆ, ಘಾಟಿ ಅಂದರೆ ಮಾತ್ರ ಭಯ.

ಉತ್ತರ: ಮನೆಯಲ್ಲಿ ಹೇಳದ ವಿಷಯವನ್ನು ಬರೆದು ಕೇಳಿದ್ದೀರಿ, ಒಳ್ಳೆಯದಾಯಿತು. ಅಮ್ಮನ ಶುಗರ್, ಮಗಳ ವಾಂತಿ, ಘಾಟಿ ಎಲ್ಲಕ್ಕೂ ಬರುತ್ತೇನೆ. ಮೊದಲು ಬಾಣಾವರದ ಆ ಒಂದು ಕ್ಷಣದ ಬಗ್ಗೆ ಮಾತಾಡೋಣ. ನಿಮ್ಮನ್ನು ಕಾಡುತ್ತಿರುವುದು ಅದೇ, ಮತ್ತು ಈ ಪ್ಲ್ಯಾನಿನಲ್ಲಿ ಅದು ಮತ್ತೆ ಆಗಲು ಬೇಕಾದದ್ದೆಲ್ಲ ಇದೆ.

ಅದು ಬರೀ ಆಯಾಸ ಅಲ್ಲ. ನೀವು ನಿಜವಾಗಿಯೇ ನಿದ್ದೆ ಮಾಡಿದ್ದೀರಿ. ಇದಕ್ಕೆ ಮೈಕ್ರೋಸ್ಲೀಪ್ ಅನ್ನುತ್ತೇವೆ, ಕೆಲವೇ ಸೆಕೆಂಡುಗಳ ನಿದ್ದೆ. ಕೆಲವರಿಗೆ ಕಣ್ಣು ತೆರೆದೇ ಇರುತ್ತದೆ, ಆದರೆ ಕಂಡದ್ದು ಮಿದುಳಿಗೆ ಮುಟ್ಟುವುದಿಲ್ಲ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಮುಂದೆ ಹೋಗುತ್ತದೆ. ನಾಲ್ಕು ಸೆಕೆಂಡು ನಿದ್ದೆ ಹೋದರೆ ಹತ್ತಿರ ಹತ್ತಿರ 90 ಮೀಟರ್. ಅಷ್ಟು ದೂರ ಕಾರನ್ನು ಓಡಿಸುವವರು ಯಾರೂ ಇಲ್ಲ. ಕಾಲು ಆಕ್ಸಿಲರೇಟರ್ ಮೇಲೇ ಇರುತ್ತದೆ, ಬ್ರೇಕಿಗೆ ಹೋಗುವುದಿಲ್ಲ. ನಿದ್ದೆಯಿಂದಾದ ಅಪಘಾತಗಳಲ್ಲಿ ಸಾಮಾನ್ಯವಾಗಿ ರಸ್ತೆ ಮೇಲೆ ಬ್ರೇಕ್ ಹಾಕಿದ ಗುರುತೇ ಸಿಗದಿರಲು, ಪೆಟ್ಟು ಅಷ್ಟು ಜೋರಾಗಿರಲು ಕಾರಣ ಇದೇ. ನಿಮ್ಮ ಚಕ್ರ ಎಡಕ್ಕೆ, ಮಣ್ಣಿಗೆ ಇಳಿಯಿತು. ಬಲಕ್ಕೆ ಹೋಗಿದ್ದರೆ ಎದುರಿನಿಂದ ಬರುವ ಲಾರಿ ಇತ್ತು.

ಆ ಘಟನೆ ನಡೆದ ಹೊತ್ತನ್ನೂ ನೋಡಿ. ನಮ್ಮ ಮೈಯೊಳಗೆ ಒಂದು ಗಡಿಯಾರ ಇದೆ. ನೀವು ಎಷ್ಟೇ ಗಟ್ಟಿ ಮನಸ್ಸಿನವರಾದರೂ ಅದು ರಾತ್ರಿ ಎರಡರಿಂದ ಬೆಳಗ್ಗೆ ಆರರವರೆಗೆ ಎಚ್ಚರವನ್ನು ತೀರಾ ಕೆಳಗೆ ಇಳಿಸುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಇನ್ನೊಂದು ಸಣ್ಣ ಇಳಿತ. ನಿಮ್ಮ ಪ್ಲ್ಯಾನಿನಲ್ಲಿ ಮೊದಲ ಇಳಿತದ ಹೊತ್ತು ತುಮಕೂರಿನಿಂದ ಅರಸೀಕೆರೆ, ಕಡೂರಿನ ಕಡೆಗೆ ನೆಟ್ಟಗಿನ ರಸ್ತೆಯಲ್ಲಿ ಕಳೆಯುತ್ತದೆ. ಎರಡನೆಯದು ಶೃಂಗೇರಿಯಲ್ಲಿ ಹೊಟ್ಟೆ ತುಂಬ ಉಂಡು ಕಾರು ಹತ್ತಿದ ಹೊತ್ತು. ನನ್ನ ಹತ್ತಿರ ಬರುವವರಲ್ಲಿ ಲಾರಿ, ಟ್ಯಾಕ್ಸಿ ಓಡಿಸುವವರು ಬಹಳ. ಅನುಭವ ಇರುವ ಡ್ರೈವರುಗಳು ಭಯಪಡುವುದು ನಡುರಾತ್ರಿಗಲ್ಲ, ಈ ಬೆಳಗಿನ ಜಾವಕ್ಕೆ. 'ಇನ್ನೇನು ಬೆಳಕು ಹರೀತು' ಅನ್ನುವ ಹೊತ್ತಿಗೇ ಕಣ್ಣು ಎಳೆಯುತ್ತದೆ ಅನ್ನುತ್ತಾರೆ ಅವರು.

ಈಗ ಸಂಜೆಗೆ ಬನ್ನಿ. ನೀವು ಏಳುವುದು ರಾತ್ರಿ 2ಕ್ಕೆ. ಅಕ್ಟೋಬರಿನಲ್ಲಿ ಆಗುಂಬೆಯಲ್ಲಿ ಸೂರ್ಯ ಮುಳುಗುವುದು ಆರು ಗಂಟೆ ದಾಟಿದ ಮೇಲೆ. ಫೋಟೋ ತೆಗೆದು, ಕಾಫಿ ಕುಡಿದು, ಎಲ್ಲರನ್ನೂ ಕಾರಿಗೆ ಹತ್ತಿಸುವಷ್ಟರಲ್ಲಿ ಏಳು. ಅಂದರೆ ಘಾಟಿಯ ಮೊದಲ ತಿರುವಿಗೆ ಬರುವಾಗ ನೀವು ಎದ್ದು 17 ಗಂಟೆ ಆಗಿರುತ್ತದೆ. ಸತತ 17 ಗಂಟೆ ಎಚ್ಚರವಿದ್ದವರನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಅವರ ಕೈ, ಕಣ್ಣು, ತೀರ್ಮಾನ ಎಲ್ಲ ನಿಧಾನವಾಗುವುದು 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ. ಆಲ್ಕೋಹಾಲ್ ಇದ್ದವರಷ್ಟು. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 30 ಮಿ.ಗ್ರಾಂ. ಅಷ್ಟು ಕುಡಿದು ನೀವು ಯಾವತ್ತೂ ಅಮ್ಮನನ್ನು ಕೂರಿಸಿಕೊಂಡು ಆಗುಂಬೆ ಘಾಟಿ ಇಳಿಯುವುದಿಲ್ಲ, ಅಲ್ವಾ? ಇನ್ನೂ ಒಂದು ಮಾತು. ಆ ಪರೀಕ್ಷೆಯ ಲೆಕ್ಕ ಹಿಂದಿನ ರಾತ್ರಿ ಸರಿಯಾಗಿ ಮಲಗಿ ಎದ್ದವರದ್ದು. ನೀವು ಮಲಗಿರುವುದು ಮೂರು ಗಂಟೆ.

'ನನಗೇನೂ ಆಯಾಸ ಅನ್ನಿಸಲ್ಲ' ಅಂತ ನಿಮಗೆ ಅನ್ನಿಸಬಹುದು. ಅದನ್ನೂ ನಂಬಬೇಡಿ. ನಿದ್ದೆ ಕಡಿಮೆಯಾದ ಮಿದುಳಿಗೆ ತಾನು ಎಷ್ಟು ಮಂಕಾಗಿದ್ದೇನೆ ಎಂದು ಅಳೆಯಲು ಬರುವುದಿಲ್ಲ. ಅದಕ್ಕೇ ನಾನು ಮನಸ್ಸಿಗೆ ಏನನ್ನಿಸುತ್ತದೆ ಎಂದು ಕೇಳುವುದಿಲ್ಲ, ಹೊರಗೆ ಕಾಣುವ ಗುರುತು ಕೇಳುತ್ತೇನೆ. ಹಿಂದಿನ ಐದಾರು ಕಿಲೋಮೀಟರ್ ದಾಟಿದ್ದು ನೆನಪಿಲ್ಲ. ಮೇಲಿಂದ ಮೇಲೆ ಆಕಳಿಕೆ. ಕತ್ತು ಒಮ್ಮೆ ಜೋಲಿತು. ರಸ್ತೆಯ ಬಿಳಿ ಗೆರೆಯನ್ನು ಚಕ್ರ ತುಳಿಯಿತು. ಇವುಗಳಲ್ಲಿ ಒಂದು ಆದರೂ ಓಡಿಸುವುದು ನಿಲ್ಲಿಸಬೇಕು. 'ಮುಂದಿನ ಊರು ಬರಲಿ' ಅನ್ನುವ ಮಾತೇ ಬೇಡ.

ಭಾವ ಹೇಳಿದ್ದರಲ್ಲಿ ಯಾವುದು ನಿಜ?

ರಸ್ತೆ ಖಾಲಿ ಅನ್ನುವುದು ಸ್ವಲ್ಪ ನಿಜ. ನೆಲಮಂಗಲ ಬೇಗ ದಾಟುತ್ತೀರಿ, ಬಿಸಿಲಿಲ್ಲ, ಮಕ್ಕಳು ಮಲಗಿರುತ್ತಾರೆ. ನಮ್ಮವರು ಎಲ್ಲರೂ ನಸುಕಿನಲ್ಲೇ ಹೊರಡುವುದು ಇದಕ್ಕೇ. ಆದರೆ ಖಾಲಿ ರಸ್ತೆ ಡ್ರೈವರನಿಗೆ ಜೋಗುಳ ಹಾಡುತ್ತದೆ. ಕಣ್ಣಿಗೆ ಕೆಲಸವಿಲ್ಲ, ಕೈಗೆ ಕೆಲಸವಿಲ್ಲ. ಆ ಹೊತ್ತಿಗೆ ರಸ್ತೆ ಬದಿ ಹಿಂದಿನ ಲೈಟಿಲ್ಲದೆ ನಿಂತ ಲಾರಿ, ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರು, ಮಲಗಿದ ದನ ಇವೆಲ್ಲ ಇರುತ್ತವೆ. ಟ್ರಾಫಿಕ್ಕಿನಲ್ಲಿ ಉಳಿಸಿದ ಒಂದು ಗಂಟೆಗೆ ನೀವು ನಾಲ್ಕು ಗಂಟೆ ನಿದ್ದೆ ಕೊಟ್ಟಿರುತ್ತೀರಿ.

ಕಿಟಕಿ ಇಳಿಸುವುದು, ಹಾಡಿನ ಸೌಂಡು ಏರಿಸುವುದು, ಮುಖಕ್ಕೆ ನೀರು ಚಿಮುಕಿಸುವುದು, ಕಡಲೆಕಾಯಿ ತಿನ್ನುತ್ತಾ ಇರುವುದು. ಇವೆಲ್ಲ ಸ್ವಲ್ಪ ಹೊತ್ತು ಎಬ್ಬಿಸುತ್ತವೆ, ಅಷ್ಟೇ. ಪರೀಕ್ಷೆ ಮಾಡಿದಾಗ ತಂಪು ಗಾಳಿ, ರೇಡಿಯೋ ಎರಡರ ಪರಿಣಾಮವೂ ಬೇಗ ಕರಗಿಹೋಗುತ್ತದೆ ಎಂದು ಕಂಡಿದೆ. ನಮ್ಮ ಕಡೆ ಎಲೆ-ಅಡಿಕೆಯ ಕವಳ ಹಾಕಿದರೆ ನಿದ್ದೆ ಬರಲ್ಲ ಅನ್ನುತ್ತಾರೆ. ಅಡಿಕೆಯಲ್ಲಿ ಅರೆಕೋಲಿನ್ ಎಂಬ ಅಂಶ ಇದೆ, ಅದು ಸ್ವಲ್ಪ ಹೊತ್ತು ಚುರುಕು ಕೊಡುವುದು ನಿಜ. ನಿದ್ದೆಯ ಬಾಕಿ ಮಾತ್ರ ಹಾಗೇ ಉಳಿದಿರುತ್ತದೆ. ಹೆಂಡತಿ ಪಕ್ಕದಲ್ಲಿ ಕೂತು ಮಾತಾಡಿಸುತ್ತಾ ಬಂದರೆ ಒಂದು ಲಾಭ ಇದೆ, ನಿಮ್ಮ ಕಣ್ಣು ಯಾವಾಗ ಎಳೆಯಿತು ಎಂದು ಅವರಿಗೆ ನಿಮಗಿಂತ ಮೊದಲು ಗೊತ್ತಾಗುತ್ತದೆ. ಆದರೆ ಮನೆಯವರೆಲ್ಲ ಮಲಗಿರುವ ಕಾರಿನಲ್ಲಿ ಆ ಲಾಭವೂ ಇಲ್ಲ.

ಕಾಫಿ ಬೇರೆ ವಿಷಯ. ಅದು ಕೆಲಸ ಮಾಡುತ್ತದೆ. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ. 'ಸಾಕು, ಮಲಗು' ಎಂದು ಹೇಳುವುದು ಅದೇ. ಕಾಫಿಯ ಕೆಫೀನ್ ಆ ಸಂದೇಶ ಮುಟ್ಟುವ ಜಾಗಕ್ಕೆ ಅಡ್ಡ ಕೂರುತ್ತದೆ. ಅಡೆನೋಸಿನ್ ಕಡಿಮೆಯಾಗುವುದಿಲ್ಲ. ಪೆಟ್ರೋಲ್ ಮುಗಿಯುತ್ತಾ ಬಂದಾಗ ಹೊತ್ತಿಕೊಳ್ಳುವ ದೀಪಕ್ಕೆ ಕಾಗದ ಅಂಟಿಸಿದ ಹಾಗೆ ಇದು. ಅದೂ ಅಲ್ಲದೆ ಕುಡಿದ ತಕ್ಷಣ ಕೆಲಸ ಶುರುವಾಗುವುದಿಲ್ಲ, 20ರಿಂದ 30 ನಿಮಿಷ ಬೇಕು. ಕಣ್ಣು ಎಳೆಯುತ್ತಿದೆ ಎಂದು ಕಾಫಿ ಕುಡಿದು ಕೂಡಲೇ ಸ್ಟಿಯರಿಂಗ್ ಹಿಡಿದವರು ಆ ಅರ್ಧ ಗಂಟೆ ಯಾವ ರಕ್ಷಣೆಯೂ ಇಲ್ಲದೆ ಓಡಿಸುತ್ತಿರುತ್ತಾರೆ.

ಇದನ್ನೇ ತಿರುಗಿಸಿ ಬಳಸಬಹುದು. ಕಾಫಿ ಕುಡಿಯಿರಿ, ಕುಡಿದ ತಕ್ಷಣ ಸೀಟು ಹಿಂದಕ್ಕೆ ಒರಗಿಸಿ 15ರಿಂದ 20 ನಿಮಿಷ ಮಲಗಿ. ನಿದ್ದೆ ಅಡೆನೋಸಿನ್ ಅನ್ನು ಸ್ವಲ್ಪ ಇಳಿಸುತ್ತದೆ, ಏಳುವ ಹೊತ್ತಿಗೆ ಕಾಫಿಯೂ ಹತ್ತಿರುತ್ತದೆ. ಅಲಾರಂ ಇಟ್ಟುಕೊಳ್ಳಿ. ಅರ್ಧ ಗಂಟೆ ದಾಟಿದರೆ ಗಾಢ ನಿದ್ದೆಗೆ ಇಳಿದು, ಎದ್ದಾಗ ಇನ್ನೂ ಮಂಕಾಗಿರುತ್ತೀರಿ. ಎದ್ದ ಮೇಲೆ ಹತ್ತು ನಿಮಿಷ ಓಡಾಡಿ ಆಮೇಲೆ ಹೊರಡಿ. ಕಾರನ್ನು ಪೆಟ್ರೋಲ್ ಬಂಕಿನ ಒಳಗೋ ಹೋಟೆಲಿನ ಅಂಗಳಕ್ಕೋ ಹಾಕಿ, ಹೆದ್ದಾರಿಯ ಅಂಚಿನಲ್ಲಿ ಬೇಡವೇ ಬೇಡ. ಈ ಉಪಾಯದಿಂದ ಒಂದೆರಡು ಗಂಟೆಯ ಎಚ್ಚರ ಸಿಗುತ್ತದೆ. ಮೂರು ಗಂಟೆ ನಿದ್ದೆಯ ಮೇಲೆ ಐನೂರು ಕಿಲೋಮೀಟರ್ ಓಡಿಸಲು ಇದು ಪರವಾನಗಿ ಅಲ್ಲ.

ಸೆಟ್ರಿಜಿನ್ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹಳೆಯ ಅಲರ್ಜಿ ಮಾತ್ರೆಗಳಿಗಿಂತ ಅದರ ಮಂಪರು ಕಡಿಮೆ, ಆದರೆ ಇಲ್ಲ ಎಂದಲ್ಲ. ರಾತ್ರಿ 11ಕ್ಕೆ ನುಂಗಿ ಎರಡೂವರೆಗೆ ಓಡಿಸಲು ಕೂತರೆ ಔಷಧ ಪೂರ್ತಿ ಮೈಯಲ್ಲೇ ಇರುತ್ತದೆ. ಫೆಕ್ಸೊಫೆನಡಿನ್‌ನಂಥ, ನಿದ್ದೆ ತರಿಸದ ಮಾತ್ರೆ ಆಗಬಹುದಾ ಎಂದು ನಿಮ್ಮ ಡಾಕ್ಟರನ್ನು ಕೇಳಿ. ಪ್ರವಾಸಕ್ಕೆ ಒಂದು ವಾರ ಮುಂಚೆಯೇ ಬದಲಿಸಿ ನೋಡಿ, ಹೊರಡುವ ದಿನ ಹೊಸ ಮಾತ್ರೆಯ ಪ್ರಯೋಗ ಬೇಡ. ಅಂಗಡಿಯಲ್ಲಿ ಕೇಳಿ ತರುವ ನೆಗಡಿ ಮಾತ್ರೆ, ಕೆಮ್ಮಿನ ಸಿರಪ್ಪು ಇನ್ನೂ ಜಾಸ್ತಿ ನಿದ್ದೆ ತರಿಸುತ್ತವೆ.

ಹಾಗಾದರೆ ಹೇಗೆ ಹೋಗುವುದು?

ನಿಮ್ಮ ದಾರಿಯನ್ನು ಕೂಡಿಸಿ ನೋಡಿದೆ. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಸುಮಾರು 300 ಕಿ.ಮೀ. ಅಲ್ಲಿಂದ ತೀರ್ಥಹಳ್ಳಿಗೆ 60. ಮುಂದೆ ಶೃಂಗೇರಿ, ಆಗುಂಬೆ, ಹೆಬ್ರಿ, ಉಡುಪಿ. ಒಟ್ಟು ಐನೂರರ ಹತ್ತಿರ. ಬಯಲುಸೀಮೆಯ 300 ಕಿಲೋಮೀಟರಿಗೆ ಐದೂವರೆ ಗಂಟೆ ಸಾಕು. ಮಲೆನಾಡಿನ ಉಳಿದ ಇನ್ನೂರಕ್ಕೆ ಹತ್ತಿರ ಹತ್ತಿರ ಅಷ್ಟೇ ಗಂಟೆ ಬೇಕು, ಇಲ್ಲಿ ನೂರು ಮೀಟರ್ ನೆಟ್ಟಗಿನ ರಸ್ತೆ ಸಿಕ್ಕರೆ ಪುಣ್ಯ. ಅಂದರೆ ಸ್ಟಿಯರಿಂಗ್ ಮುಂದೆ ಹತ್ತು ಗಂಟೆಗಿಂತ ಜಾಸ್ತಿ. ಬಸ್ಸು, ಲಾರಿ ಸಂಸ್ಥೆಗಳ ಡ್ರೈವರುಗಳಿಗೆಂದು 2025ರವರೆಗೆ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಇತ್ತು. ದಿನಕ್ಕೆ ಎಂಟು ಗಂಟೆ ಕೆಲಸ, ಐದು ಗಂಟೆ ದಾಟುವ ಮೊದಲು ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಎಂದು ಅದು ಹೇಳುತ್ತಿತ್ತು. ಓಡಿಸುವುದೇ ಉದ್ಯೋಗವಾದವರಿಗೆ ಇಷ್ಟು. ವಾರವೆಲ್ಲ ಕಂಪ್ಯೂಟರ್ ಮುಂದೆ ಕೂತವರು ಅವರಿಗಿಂತ ಜಾಸ್ತಿ ಓಡಿಸಬಾರದು.

ನನ್ನನ್ನು ಕೇಳಿದರೆ, ಇದನ್ನು ಎರಡು ದಿನ ಮಾಡಿ. ಶುಕ್ರವಾರ ರಾತ್ರಿ ಹತ್ತಕ್ಕೆ ಮಲಗಿ, ಐದಕ್ಕೆ ಎದ್ದು, ಆರಕ್ಕೆ ಹೊರಡಿ. ಗುರುವಾರವೂ ಏಳು ಗಂಟೆ ಮಲಗಿರಿ, ಏಕೆಂದರೆ ವಾರದ ಬಾಕಿ ಒಂದು ರಾತ್ರಿಯಲ್ಲಿ ತೀರುವುದಿಲ್ಲ. ಸಾಮಾನು ತುಂಬುವ ಕೆಲಸ ಗುರುವಾರವೇ ಮುಗಿಯಲಿ, ಶುಕ್ರವಾರದ ನಿದ್ದೆಯನ್ನು ತಿನ್ನುವುದು ಅದೇ. ಮಧ್ಯಾಹ್ನ ಶಿವಮೊಗ್ಗ, ಊಟ, ಸ್ವಲ್ಪ ನಿದ್ದೆ, ಸಂಜೆ ತೀರ್ಥಹಳ್ಳಿಯಲ್ಲಿ ಉಳಿಯಿರಿ. ಸಕ್ರೆಬೈಲಿನಲ್ಲಿ ಆನೆಗಳಿಗೆ ಸ್ನಾನ ಮಾಡಿಸುವುದು ಬೆಳಗ್ಗೆ, ಅದು ಈ ಲೆಕ್ಕದಲ್ಲಿ ಮೊದಲ ದಿನ ತಪ್ಪುತ್ತದೆ. ಮಕ್ಕಳಿಗೆ ಅದೇ ಮುಖ್ಯವಾದರೆ ಶಿವಮೊಗ್ಗದಲ್ಲೇ ಉಳಿದು ಮರುದಿನ ಬೆಳಗ್ಗೆ ನೋಡಿ. ಭಾನುವಾರ ಶೃಂಗೇರಿ ಮುಗಿಸಿ ಹಗಲಲ್ಲೇ ಘಾಟಿ ಇಳಿಯಿರಿ. ಸೂರ್ಯಾಸ್ತ ಕೈತಪ್ಪುತ್ತದೆ, ಒಂದು ರಾತ್ರಿಯ ರೂಮಿನ ಖರ್ಚು ಬರುತ್ತದೆ. ದಸರಾ ಜನಜಂಗುಳಿಯಲ್ಲಿ ರೂಮು ಮೊದಲೇ ಹೇಳಿಡಬೇಕು. ಸೂರ್ಯಾಸ್ತ ಬೇಕೇ ಬೇಕು ಅಂದರೆ ಆಗುಂಬೆಯಲ್ಲೇ ತಂಗಿ ಬೆಳಗ್ಗೆ ಇಳಿಯಿರಿ. ಅಲ್ಲಿ ಉಳಿಯುವ ಜಾಗ ಕಡಿಮೆ, ಮೋಡ ಇದ್ದರೆ ಸೂರ್ಯನೂ ಇಲ್ಲ, ಅದನ್ನು ಮಕ್ಕಳಿಗೆ ಮೊದಲೇ ಹೇಳಿ.

ಅಮ್ಮನನ್ನು ಶುಕ್ರವಾರದ ರೈಲಿನಲ್ಲಿ ಹೆಂಡತಿ ಮಕ್ಕಳ ಜೊತೆ ಶಿವಮೊಗ್ಗಕ್ಕೆ ಕಳಿಸಿ, ನೀವು ಮಲಗಿ ಎದ್ದು ಬೆಳಗ್ಗೆ ಕಾರು ತರುವುದು ಇನ್ನೊಂದು ದಾರಿ. ಅಮ್ಮನಿಗೆ ರೈಲಿನಲ್ಲಿ ಕಾಲು ಚಾಚಲು ಜಾಗ, ಟಾಯ್ಲೆಟ್ಟು ಎರಡೂ ಇರುತ್ತದೆ. ಆದರೆ ಕಾರಿನಲ್ಲಿ ನೀವು ಒಬ್ಬರೇ ಆಗುತ್ತೀರಿ, ಎಚ್ಚರಿಸುವವರು ಯಾರೂ ಇಲ್ಲ. ಹಾಗಾಗಿ ರಾತ್ರಿ ಪ್ರಯಾಣ ಮಾಡಲೇಬೇಡಿ.

ಹೆಂಡತಿಯ ಜೊತೆ ಹಂಚಿಕೊಳ್ಳುವುದು ತುಂಬ ಒಳ್ಳೆಯದು. ಆದರೆ 'ನನಗೆ ಸುಸ್ತಾದಾಗ ನೀನು ತಗೋ' ಎಂಬ ಒಪ್ಪಂದ ನಡೆಯುವುದಿಲ್ಲ. ಸುಸ್ತಾದವರಿಗೆ ಅದು ತಿಳಿಯುವುದಿಲ್ಲ ಎಂದು ಆಗಲೇ ಹೇಳಿದೆ. ತುಮಕೂರಿನಿಂದ ಅರಸೀಕೆರೆವರೆಗೆ ಅವರು, ಅಲ್ಲಿಂದ ನೀವು, ಹೀಗೆ ಊರಿನ ಲೆಕ್ಕದಲ್ಲಿ ಮೊದಲೇ ಹಂಚಿಕೊಳ್ಳಿ. ಅವರು ಓಡಿಸುವಾಗ ನೀವು ಮಲಗಬೇಕು, ಪಕ್ಕದಲ್ಲಿ ಕೂತು ಗೇರು ಹೇಳಿಕೊಡುವುದಲ್ಲ. ಘಾಟಿ ಅವರಿಗೆ ಬೇಡವೆಂದರೆ ಬೇಡ. ಬಯಲಿನ ಅರ್ಧ ಅವರದ್ದಾದರೂ ನಿಮ್ಮ ದಿನ ಪೂರ್ತಿ ಬದಲಾಗುತ್ತದೆ.

ಬಾಡಿಗೆ ಡ್ರೈವರ್ ಕರೆದರೆ ತಲೆನೋವು ಮುಗಿಯಿತು ಎಂದುಕೊಳ್ಳುವವರು ಬಹಳ. ಆ ಡ್ರೈವರೂ ಹಿಂದಿನ ರಾತ್ರಿ ಯಾರನ್ನೋ ಏರ್‌ಪೋರ್ಟಿಗೆ ಬಿಟ್ಟು ಬಂದಿರಬಹುದು. ಬುಕ್ ಮಾಡುವಾಗಲೇ 'ನಿನ್ನೆ ಡ್ಯೂಟಿ ಎಷ್ಟು ಹೊತ್ತಿಗೆ ಮುಗೀತಣ್ಣ, ಮಲಗಿದ್ದೀರಾ' ಎಂದು ಕೇಳಿ. ಉಳಿದುಕೊಳ್ಳುವ ಕಡೆ ಅವರಿಗೂ ಒಂದು ಹಾಸಿಗೆ ಕೊಡಿಸಿ. ಮನೆಯವರೆಲ್ಲ ರೂಮಿನಲ್ಲಿ ಮಲಗಿ ಡ್ರೈವರನ್ನು ಕಾರಿನ ಸೀಟಿನಲ್ಲಿ, ಸೊಳ್ಳೆಗಳ ನಡುವೆ ಮಲಗಿಸುವುದನ್ನು ನಾನು ಇಲ್ಲಿಯ ಎಲ್ಲ ಪ್ರವಾಸಿ ಊರುಗಳಲ್ಲಿ ನೋಡುತ್ತೇನೆ. ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಮರುದಿನ ನಿಮ್ಮ ಮಕ್ಕಳನ್ನು ಘಾಟಿ ಇಳಿಸುವುದು ಆ ಮನುಷ್ಯನೇ.

ಎಷ್ಟು ಹೇಳಿದರೂ ಒಂದೇ ದಿನದಲ್ಲಿ ಹೋಗಬೇಕಾದ ಕಾರಣ ಇದ್ದೀತು. ಆಗ ಜಾಗಗಳನ್ನು ಬಿಡಿ, ನಿದ್ದೆಯನ್ನು ಬಿಡಬೇಡಿ. ಐದೂವರೆಗೆ ಹೊರಟು, ಎರಡು ಗಂಟೆಗೊಮ್ಮೆ ನಿಲ್ಲಿಸಿ, ಶೃಂಗೇರಿ ಕೈಬಿಟ್ಟು ತೀರ್ಥಹಳ್ಳಿಯಿಂದ ನೇರ ಆಗುಂಬೆಗೆ ಬಂದು ನಾಲ್ಕೂವರೆ ಒಳಗೆ ಘಾಟಿ ಇಳಿಯಿರಿ. ಮಧ್ಯಾಹ್ನದ ಊಟ ಹಗುರ ಇರಲಿ. ಮಾವಿನಕಾಯಿಯ ಅಪ್ಪೆಹುಳಿ ಕುಡಿದರೆ ಒಳ್ಳೆ ನಿದ್ದೆ ಎಂದು ನಿಮ್ಮ ಸಾಗರದ ಕಡೆಯವರೇ ಹೇಳುತ್ತಾರಲ್ಲ, ಅದನ್ನು ಅಕ್ಕನ ಮನೆ ಮುಟ್ಟಿದ ಮೇಲೆ ಕುಡಿಯಿರಿ.

ಘಾಟಿ

ರಾತ್ರಿ ಘಾಟಿ ಸುಲಭ, ಎದುರಿನ ಗಾಡಿಯ ಲೈಟು ತಿರುವಿನಲ್ಲೇ ಕಾಣುತ್ತದೆ ಎನ್ನುವ ಮಾತಿದೆ. ಲೈಟು ಕಾಣುವುದು ನಿಜ. ಲೈಟಿಲ್ಲದ ಸೈಕಲ್ಲು, ದನ, ಕಾಡುಪ್ರಾಣಿ, ಬಿದ್ದ ಕಲ್ಲು ಕಾಣುವುದಿಲ್ಲ. ಆಗುಂಬೆ ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ ಬೀಳುವ ಊರು, ದಸರಾ ಹೊತ್ತಿಗೂ ಸಂಜೆ ಮಳೆ, ಮಂಜು ಸಾಮಾನ್ಯ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ಮುಖಕ್ಕೇ ವಾಪಸ್ ಬರುತ್ತದೆ, ಡಿಮ್ ಹಾಕಿ. ಚಲಿಸುವಾಗ ನಾಲ್ಕೂ ಇಂಡಿಕೇಟರ್ ಹಾಕಬೇಡಿ, ನೀವು ಯಾವ ಕಡೆ ತಿರುಗುತ್ತೀರಿ ಎಂದು ಹಿಂದಿನವರಿಗೆ ತಿಳಿಯುವುದಿಲ್ಲ.

ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು. ಹೇರ್‌ಪಿನ್ ತಿರುವುಗಳಲ್ಲಿ ಮೊದಲನೆಯದು ಅಥವಾ ಎರಡನೆಯದು. ವೇಗವನ್ನು ಎಂಜಿನ್ನೇ ಹಿಡಿದಿಡುತ್ತದೆ, ಬ್ರೇಕನ್ನು ತಿರುವಿಗೆ ಮುಂಚೆ ಒತ್ತಿ ಬಿಟ್ಟರೆ ಸಾಕು. ಆಟೋಮ್ಯಾಟಿಕ್ ಕಾರಿನಲ್ಲೂ ಕಡಿಮೆ ಗೇರಿಗೆ ಕಟ್ಟಿಹಾಕುವ ವ್ಯವಸ್ಥೆ ಇರುತ್ತದೆ, ಅದನ್ನು ಬೆಂಗಳೂರಿನಲ್ಲೇ ಕಲಿತು ಬನ್ನಿ. ಉದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟು ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗದಲ್ಲಿ ನಿಲ್ಲಿಸಿ ತಣಿಯಲು ಬಿಡಿ, ನೀರು ಸುರಿಯಬೇಡಿ. ನ್ಯೂಟ್ರಲ್‌ನಲ್ಲಿ ಇಳಿದರೆ ಪೆಟ್ರೋಲ್ ಉಳಿಯುತ್ತದೆ ಎನ್ನುವುದು ಕಾರ್ಬುರೇಟರ್ ಕಾಲದ ಮಾತು. ಈಗಿನ ಕಾರುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನ ಹೋಗುವುದೇ ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲೇ ಖರ್ಚು ಜಾಸ್ತಿ. ಇಕ್ಕಟ್ಟಿನ ಜಾಗದಲ್ಲಿ ಹತ್ತುವ ಗಾಡಿಗೆ ಮೊದಲು ದಾರಿ, ಇಳಿಯುವವರು ನಿಲ್ಲಬೇಕು. ಇದು ನಿಯಮದಲ್ಲೇ ಇದೆ, ಬಸ್ಸಿನವರು ಹಾರ್ನ್ ಮಾಡುವುದು ಸುಮ್ನೆ ಅಲ್ಲ. ಘಾಟಿಯಲ್ಲಿ ಮೊಬೈಲ್ ಸಿಗ್ನಲ್ ಹೋಗಿ ಬಂದು ಮಾಡುತ್ತದೆ, ಮ್ಯಾಪನ್ನು ಮೊದಲೇ ಇಳಿಸಿಟ್ಟುಕೊಳ್ಳಿ.

ಮಗಳಿಗೆ, ಅಮ್ಮನಿಗೆ

ಕಿವಿಯೊಳಗಿನ ಸಮತೋಲನದ ಅಂಗ 'ತಿರುಗುತ್ತಿದ್ದೇವೆ' ಅನ್ನುತ್ತದೆ. ಮುಂದಿನ ಸೀಟಿನ ಬೆನ್ನನ್ನೋ ಮೊಬೈಲನ್ನೋ ನೋಡುತ್ತಿರುವ ಕಣ್ಣು 'ಇಲ್ಲ' ಅನ್ನುತ್ತದೆ. ಈ ಗೊಂದಲವೇ ವಾಂತಿಗೆ ಕಾರಣ, ಹೊಟ್ಟೆಯ ದೋಷವಲ್ಲ. ಎರಡರಿಂದ ಹನ್ನೆರಡು ವರ್ಷದವರಲ್ಲಿ ಇದು ಜಾಸ್ತಿ, ಬೆಳೆದಂತೆ ಕಡಿಮೆಯಾಗುತ್ತದೆ. ಅವಳನ್ನು ಹಿಂದಿನ ಸೀಟಿನಲ್ಲಿ ಮುಂದಿನ ರಸ್ತೆ ಕಾಣುವಷ್ಟು ಎತ್ತರದಲ್ಲಿ, ಬೂಸ್ಟರ್ ಸೀಟು ಹಾಕಿ ಬೆಲ್ಟ್ ಕಟ್ಟಿ ಕೂರಿಸಿ. ಘಾಟಿಯಲ್ಲಿ ಮೊಬೈಲ್ ಕೊಡಬೇಡಿ. ಖಾಲಿ ಹೊಟ್ಟೆಯೂ ಬೇಡ, ಎಣ್ಣೆ ತಿಂಡಿಯೂ ಬೇಡ. ಒಂದು ಇಡ್ಲಿ ತಿಂದಿದ್ದರೆ ಸಾಕು. ನಿಂಬೆಹಣ್ಣು ಮೂಸುವುದರಿಂದ ತೊಂದರೆ ಏನಿಲ್ಲ, ಅದನ್ನೇ ನಂಬಿ ಕೂರಬೇಡಿ. ಅವೋಮಿನ್‌ನಂಥ ಮಾತ್ರೆ ಕೆಲಸ ಮಾಡುತ್ತದೆ, ಆದರೆ ಘಾಟಿ ಶುರುವಾಗುವ ಒಂದೆರಡು ಗಂಟೆ ಮೊದಲು ಕೊಡಬೇಕು. ವಾಂತಿ ಶುರುವಾದ ಮೇಲೆ ಕೊಟ್ಟರೆ ಅದೂ ಹೊರಗೆ ಬರುತ್ತದೆ. ಎಷ್ಟು ಕೊಡಬೇಕೆಂದು ಅವಳ ತೂಕ ನೋಡಿ ಡಾಕ್ಟರೇ ಹೇಳಬೇಕು. ಅದು ಚೆನ್ನಾಗಿ ನಿದ್ದೆ ತರಿಸುವ ಮಾತ್ರೆ, ಓಡಿಸುವವರು ಯಾರೂ ಮುಟ್ಟಬಾರದು. ವಾಂತಿ ಬರುತ್ತದೆಂದು ಮುಂದಿನ ಸೀಟಿನಲ್ಲಿ ತೊಡೆ ಮೇಲೆ ಕೂರಿಸಿಕೊಳ್ಳುವುದಂತೂ ಬೇಡ. ಏರ್‌ಬ್ಯಾಗ್ ಸಿಡಿದರೆ ಮೊದಲ ಪೆಟ್ಟು ಮಗುವಿಗೇ. 14 ವರ್ಷದೊಳಗಿನವರಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1000 ರೂಪಾಯಿ ದಂಡವೂ ಇದೆ.

ಅಮ್ಮನ ಮಾತ್ರೆ ಯಾವುದು ಎಂದು ನೋಡಿ. ಮೆಟ್‌ಫಾರ್ಮಿನ್ ಒಂದೇ ಆದರೆ ಹೆಚ್ಚು ಚಿಂತೆಯಿಲ್ಲ. ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಇದ್ದರೆ ಊಟ ತಡವಾದಾಗ ಶುಗರ್ ಇಳಿಯುತ್ತದೆ. ದಸರಾ ಸಮಯದಲ್ಲಿ ಶೃಂಗೇರಿಯ ಊಟದ ಸಾಲು ಎಷ್ಟು ಉದ್ದ ಇರುತ್ತದೋ ಹೇಳಲಾಗದು. ಊಟ ಎದುರಿಗೆ ಬರುವುದು ಖಾತ್ರಿಯಾಗುವ ತನಕ ಆ ಮಾತ್ರೆ ಬೇಡ. ಪ್ರವಾಸದ ದಿನದ ಹೊತ್ತುಗಳನ್ನು ಅವರ ಡಾಕ್ಟರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಹಿಂದಿನ ಸೀಟಿನಲ್ಲಿ ಬೆವತು, ಮಾತು ತೊದಲಿ, ತೂಕಡಿಸುತ್ತಿದ್ದರೆ 'ಅಜ್ಜಿ ಮಲಗಿದ್ದಾರೆ' ಎಂದು ಬಿಡಬೇಡಿ, ಎಬ್ಬಿಸಿ ನೋಡಿ. ಎಚ್ಚರವಿದ್ದು ನುಂಗುವಂತಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ.

ಇನ್ನೊಂದು ವಿಷಯ ಅಮ್ಮಂದಿರು ಬಾಯಿಬಿಟ್ಟು ಹೇಳುವುದಿಲ್ಲ. ದಾರಿಯಲ್ಲಿ ಟಾಯ್ಲೆಟ್ ಸಿಗುತ್ತದೋ ಇಲ್ಲವೋ ಎಂದು ಬೆಳಗಿನಿಂದ ನೀರೇ ಕುಡಿದಿರುವುದಿಲ್ಲ. ಬಿ.ಪಿ. ಮಾತ್ರೆಯಲ್ಲಿ ಮೂತ್ರ ಹೋಗಿಸುವ ಔಷಧ ಸೇರಿದ್ದರೆ ಇದು ತಲೆಸುತ್ತು ತರಿಸುತ್ತದೆ. ಎಲ್ಲೆಲ್ಲಿ ನಿಲ್ಲಿಸುತ್ತೀರಿ ಎಂದು ಅವರಿಗೆ ಮೊದಲೇ ಹೇಳಿ, ಆಗ ಧೈರ್ಯವಾಗಿ ಕುಡಿಯುತ್ತಾರೆ. ಎರಡು ಗಂಟೆಗೊಮ್ಮೆ ಇಳಿಸಿ ಐದು ನಿಮಿಷ ನಡೆಸಿ. ನಾಲ್ಕೈದು ಗಂಟೆ ಕಾಲು ಇಳಿಬಿಟ್ಟು ಕೂತರೆ ಬರುವ ಊತ, ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವುದು, ಎರಡಕ್ಕೂ ಅದೇ ಮದ್ದು. ಆ ನಿಲುಗಡೆ ನಿಮಗೂ ಬೇಕು.

ಕೊನೆಗೆ ನಿಮ್ಮ ಗೊರಕೆ. ಹೆಂಡತಿಯ ದೂರನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಜೋರು ಗೊರಕೆಯ ನಡುವೆ ಉಸಿರು ನಿಂತು, ಆಮೇಲೆ ಬೆಚ್ಚಿದಂತೆ ಎಳೆದುಕೊಳ್ಳುತ್ತೀರಾ ಎಂದು ಅವರನ್ನೇ ಕೇಳಿ. ಏಳು ಗಂಟೆ ಮಲಗಿದರೂ ಬೆಳಗ್ಗೆ ತಲೆಭಾರ, ಮಧ್ಯಾಹ್ನ ಮೀಟಿಂಗಿನಲ್ಲಿ ತೂಕಡಿಕೆ ಇದೆಯಾ? ಇದ್ದರೆ ಅದು ಸ್ಲೀಪ್ ಅಪ್ನಿಯಾ ಇರಬಹುದು. ಗಂಟಲಿನ ದಾರಿ ಮುಚ್ಚಿಕೊಂಡು ರಾತ್ರಿಯಿಡೀ ನಿದ್ದೆ ಮುರಿಯುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಚಿಕಿತ್ಸೆ ಇಲ್ಲದ ಅಪ್ನಿಯಾ ಇರುವವರಿಗೆ ವಾಹನ ಅಪಘಾತದ ಅಪಾಯ ಉಳಿದವರಿಗಿಂತ ಎರಡು ಪಟ್ಟಿಗೂ ಮೇಲೆ. ಹಾಗಿದ್ದರೆ ನಾನು ಮೇಲೆ ಹೇಳಿದ ಏಳು ಗಂಟೆಯ ಲೆಕ್ಕವೂ ನಿಮಗೆ ಸಾಲದು. ಒಂದು ರಾತ್ರಿಯ ನಿದ್ದೆ ಪರೀಕ್ಷೆಯಲ್ಲಿ ಇದು ತಿಳಿಯುತ್ತದೆ, ಈಗ ಮನೆಯಲ್ಲೇ ಯಂತ್ರ ಕಟ್ಟಿಕೊಂಡು ಮಾಡಿಸುವ ಅನುಕೂಲವೂ ಇದೆ. ತೂಕ ಇಳಿಸುವುದು, ರಾತ್ರಿ ಹಾಕಿಕೊಳ್ಳುವ ಗಾಳಿಯ ಯಂತ್ರ, ಎರಡರಿಂದಲೂ ಬಹಳ ಜನ ಸುಧಾರಿಸಿದ್ದಾರೆ. ಕಿವಿ-ಮೂಗು-ಗಂಟಲಿನ ಡಾಕ್ಟರನ್ನೋ ಶ್ವಾಸಕೋಶದ ಡಾಕ್ಟರನ್ನೋ ದಸರಾಕ್ಕೆ ಮೊದಲೇ ಒಮ್ಮೆ ನೋಡಿ. ಉತ್ತರ 'ಹೌದು' ಎಂದು ಬಂದು ಚಿಕಿತ್ಸೆ ಇನ್ನೂ ಶುರುವಾಗದಿದ್ದರೆ, ಈ ಸಲ ಸ್ಟಿಯರಿಂಗ್ ಬೇರೆಯವರ ಕೈಯಲ್ಲಿರಲಿ. ಬಾಣಾವರದಲ್ಲಿ ಆದದ್ದನ್ನೂ ಹೆಂಡತಿಗೆ ಹೇಳಿ. ಪಕ್ಕದ ಸೀಟಿನಲ್ಲಿ ಕೂರುವವರಿಗೆ ಅದು ಗೊತ್ತಿರಬೇಕು.